ಗಾಳಿ ಸೋರೋದು ಬಾಗಿಲಲ್ಲಿ, ಬೈಗುಳ ಮಾತ್ರ ಪೆಲೆಟ್‌ಗೆ

ಅಕ್ಟೋಬರ್ ಬಂತೆಂದರೆ ಅಮೆರಿಕದ ಮೇನ್, ವರ್ಮಾಂಟ್, ಮಿನ್ನೆಸೋಟ ಕಡೆ ಮನೆ ಬೆಚ್ಚಗಿಡುವ ಪೆಲೆಟ್ ಸ್ಟೋವ್ (ಮರದ ಹುಡಿ ಒತ್ತಿ ಮಾಡಿದ ಗುಳಿಗೆ, ಅಂದರೆ ಪೆಲೆಟ್, ಉರಿಸುವ ಒಲೆ) ಹೊತ್ತಿಸುವ ಕಾಲ. ಅದರ ಹಿಂದೆಯೇ ಅದೇ ಗೋಳು. ಉರಿ ಮಂಕಾಗಿ, ಕಿತ್ತಳೆ ಬಣ್ಣಕ್ಕೆ ತಿರುಗಿ ತೂಗಾಡುತ್ತದೆ. ಒರೆಸಿದ ಗಾಜು ಮಾರನೇ ದಿನವೇ ಕಪ್ಪು. ಬೂದಿಯಲ್ಲಿ ಅರೆಬೆಂದ ಪೆಲೆಟ್, ಪೆಲೆಟ್ ಉರಿಯುವ ಬಟ್ಟಲಿನ, ಅಂದರೆ ಬರ್ನ್ ಪಾಟ್‌ನ, ತಳದಲ್ಲಿ ಕಲ್ಲಿನಂಥ ಕಿಟ್ಟ. ಸರ್ವಿಸ್‌ನವರನ್ನು ಕರೆಸಿದರೆ ಮೊದಲ ಉತ್ತರ, "ಪೆಲೆಟ್ ಸರಿಯಿಲ್ಲ, ಬೇರೆ ಬ್ರ್ಯಾಂಡ್ ಹಾಕಿ." ಅದೂ ಆದ ಮೇಲೆ, "ಕಂಟ್ರೋಲ್ ಬೋರ್ಡ್ ಹೋಗಿದೆ." ನೂರಾರು ಡಾಲರ್ ಬಿಲ್! ಬಾಗಿಲ ಸಂದಿಯಲ್ಲಿ ಗಾಳಿ ಸೋರದಂತೆ ತಡೆಯುವ ಗ್ಯಾಸ್ಕೆಟ್ ಹಗ್ಗವನ್ನು ಒಮ್ಮೆ ಬೆರಳಿಂದ ಒತ್ತಿ ನೋಡುವಷ್ಟೂ ವ್ಯವಧಾನ ಇಲ್ಲವೇ ಇವರಿಗೆ?

ಈ ಸ್ಟೋವ್ ಕೆಲಸ ಮಾಡುವ ರೀತಿಯೇ ಬೇರೆ ಸ್ವಾಮಿ. ಬಹುತೇಕ ಸ್ಟೋವ್‌ಗಳಲ್ಲಿ ಗಾಳಿಯನ್ನು ಯಾರೂ ಒಳಗೆ ಊದುವುದಿಲ್ಲ. ಹೊಗೆ ಹೊರಹೋಗುವ ಕಡೆ ಕೂತ ಎಕ್ಸಾಸ್ಟ್ ಬ್ಲೋವರ್ ಎಂಬ ಫ್ಯಾನ್ ಹೊಗೆಯನ್ನು ಎಳೆಯುತ್ತದೆ, ಆ ಎಳೆತಕ್ಕೆ ಹೊರಗಿನ ಗಾಳಿ ಬರ್ನ್ ಪಾಟ್‌ನ ತೂತುಗಳಿಂದ ನುಗ್ಗಬೇಕು. ಬಾಗಿಲಲ್ಲೋ ಬೂದಿ ತಟ್ಟೆಯ ಮುಚ್ಚಳದಲ್ಲೋ ಸಂದಿದ್ದರೆ ಗಾಳಿ ಆ ಸುಲಭದ ದಾರಿ ಹಿಡಿಯುತ್ತದೆ. ತೂತು ಬಿದ್ದ ಊದುಗೊಳವೆಯಲ್ಲಿ ಎಷ್ಟು ಊದಿದರೂ ಕೆಂಡಕ್ಕೆ ಗಾಳಿ ಮುಟ್ಟದ ಹಾಗೆ, ಬ್ಲೋವರ್ ಎಷ್ಟು ಜೋರಾಗಿ ತಿರುಗಿದರೂ ಪೆಲೆಟ್‌ಗೆ ಗಾಳಿ ಸಿಗುವುದಿಲ್ಲ. ಸೋರಿಕೆ ಇನ್ನೂ ಹೆಚ್ಚಾದರೆ ಒಳಗಿನ ಎಳೆತವನ್ನು ಕಾಯುವ ವ್ಯಾಕ್ಯೂಮ್ ಸ್ವಿಚ್ ಬಿಟ್ಟುಕೊಂಡು, ಪೆಲೆಟ್ ತಳ್ಳುವ ತಿರುಪು, ಅಂದರೆ ಆಗರ್, ನಿಲ್ಲುತ್ತದೆ, ಸ್ಟೋವ್ ಆರುತ್ತದೆ. "ಬೋರ್ಡ್ ಹೋಗಿದೆ" ಅನ್ನುವುದು ಬಹಳ ಸಲ ಇದನ್ನೇ! ಆ ಸ್ವಿಚ್‌ಗೆ ಹೋಗುವ ರಬ್ಬರ್ ಕೊಳವೆ ಸೀಳಿದ್ದರೂ, ಅದರ ಮೂತಿಗೆ ಬೂದಿ ಕಟ್ಟಿದ್ದರೂ ಇದೇ ಲಕ್ಷಣ. ಬೋರ್ಡ್ ಮಾರುವ ಮೊದಲು ಆ ಕೊಳವೆ ಕಳಚಿ ನೋಡಲು ಐದು ನಿಮಿಷ ಸಾಕು.

ಪರೀಕ್ಷೆಗೆ ಕಾಸು ಖರ್ಚಿಲ್ಲ. ಸ್ಟೋವ್ ತಣ್ಣಗಿದ್ದಾಗ ಬಾಗಿಲ ಸಂದಿಗೆ ಒಂದು ಡಾಲರ್ ನೋಟು ಇಟ್ಟು ಚಿಲಕ ಹಾಕಿ, ಎಳೆಯಿರಿ. ಬಿಗಿಯಾಗಿ ಹಿಡಿಯಬೇಕು. ನಾಲ್ಕೂ ಅಂಚಿನಲ್ಲಿ, ಮೂಲೆಗಳಲ್ಲಿ ಮರೆಯದೆ ನೋಡಿ. ಆಮೇಲೆ ಎಕ್ಸಾಸ್ಟ್ ಬ್ಲೋವರ್ ಮಾತ್ರ ಓಡಿಸಿ, ಊದುಬತ್ತಿ ಹಚ್ಚಿ ಬಾಗಿಲು, ಗಾಜು, ಬೂದಿ ತಟ್ಟೆ, ಪೆಲೆಟ್ ತುಂಬುವ ಹಾಪರ್‌ನ ಮುಚ್ಚಳ, ಇವುಗಳ ಅಂಚುಗುಂಟ ನಿಧಾನವಾಗಿ ಸರಿಸಿ. ಹೊಗೆ ಎಲ್ಲಿ ಒಳಗೆ ಸೆಳೆಯಿತೋ ಅಲ್ಲಿ ಸೋರಿಕೆ. ಒಂದು ಎಚ್ಚರಿಕೆ: ಗಾಜಿಗೆ ಮಸಿ ಹಿಡಿಯದಿರಲಿ ಎಂದು ಕೆಲವು ಸ್ಟೋವ್‌ಗಳಲ್ಲಿ ಗಾಜಿನ ಅಂಚಿಗೆ ಬೇಕೆಂದೇ ಸಣ್ಣ ಸಂದು ಬಿಟ್ಟಿರುತ್ತಾರೆ. ಅದನ್ನು ಮುಚ್ಚಿದರೆ ಗಾಜು ಇನ್ನೂ ಕಪ್ಪಾಗುತ್ತದೆ. ಮ್ಯಾನುವಲ್ ನೋಡದೆ ಸ್ಟೋವ್ ಸಿಮೆಂಟ್ (ಬಿಸಿ ತಡೆಯುವ ಅಂಟು) ಮೆತ್ತಬೇಡಿ.

ಇನ್ನು ಹಗ್ಗ ಮಾರುವವರ ಮೇಲಿನ ಸಿಟ್ಟು. "ಎಲ್ಲ ಸ್ಟೋವ್‌ಗೂ ಹೊಂದುತ್ತದೆ" ಎಂದು ಪೊಟ್ಟಣದ ಮೇಲೆ ಹಾಕುವುದು ಶುದ್ಧ ಮೋಸ. 3/8, 1/2, 5/8 ಇಂಚು ಅಂತ ಫೈಬರ್‌ಗ್ಲಾಸ್ ಹಗ್ಗದ ದಪ್ಪ ಬೇರೆ ಬೇರೆ. ತೆಳು ಹಗ್ಗ ಸೋರುತ್ತದೆ, ದಪ್ಪದ್ದು ಹಾಕಿದರೆ ಚಿಲಕ ಕೂರುವುದಿಲ್ಲ, ಬಲವಂತ ಮಾಡಿದರೆ ಬಾಗಿಲ ಕೀಲು ಬಾಗುತ್ತದೆ. ಹಳೇ ಹಗ್ಗದ ಅಳತೆಯನ್ನೂ ನಂಬಬೇಡಿ, ವರ್ಷಗಟ್ಟಲೆ ಒತ್ತಿಸಿಕೊಂಡು ಚಪ್ಪಟೆಯಾಗಿರುತ್ತದೆ. ಮ್ಯಾನುವಲ್ಲಿನ ಪಾರ್ಟ್ ಪಟ್ಟಿಯಲ್ಲಿ ದಪ್ಪ ಬರೆಯದ ಕಂಪನಿಗಳಿಗೆ ಏನನ್ನಬೇಕು?

ಹಾಕುವ ಕ್ರಮವನ್ನೂ ಯಾರೂ ನೆಟ್ಟಗೆ ಹೇಳುವುದಿಲ್ಲ. ಹಗ್ಗ ಕೂರುವ ತೋಡಿನಲ್ಲಿ ಅಂಟಿದ ಹಳೇ ಸಿಮೆಂಟನ್ನು ತಂತಿ ಬ್ರಷ್‌ನಿಂದ ಲೋಹ ಕಾಣುವವರೆಗೂ ಉಜ್ಜಿ ತೆಗೆಯಬೇಕು. ಸ್ಟೋವ್ ಗ್ಯಾಸ್ಕೆಟ್ ಸಿಮೆಂಟಿನ ತೆಳು ಗೆರೆ ಎಳೆದು ಹಗ್ಗ ಕೂರಿಸಬೇಕು. ಎಳೆದು ಕೂರಿಸಿದರೆ ಕೆಟ್ಟಿತು! ಎಳೆದಷ್ಟೂ ಸಣಕಲಾಗುತ್ತದೆ, ಸ್ವಲ್ಪ ಒಳಗೆ ತಳ್ಳಿಯೇ ಕೂರಿಸಬೇಕು. ಕತ್ತರಿಸುವ ಜಾಗಕ್ಕೆ ಮೊದಲು ಟೇಪ್ ಸುತ್ತಿದರೆ ಎಳೆ ಬಿಚ್ಚುವುದಿಲ್ಲ. ಎರಡು ತುದಿ ಒಂದಕ್ಕೊಂದು ಮುಟ್ಟಬೇಕು, ಒಂದರ ಮೇಲೊಂದು ಹತ್ತಬಾರದು. ಅಂಟು ಬಾಗಿಲ ಚೌಕಟ್ಟಿಗೆ ಹಿಡಿಯದಂತೆ ಮಧ್ಯೆ ಮೇಣದ ಕಾಗದ ಇಟ್ಟು, ಚಿಲಕ ಹಾಕಿ ಒಂದು ದಿನ ಬಿಡಿ. ಆಮೇಲೂ ನೋಟು ಸಡಿಲ ಬಂದರೆ ಚಿಲಕವನ್ನು ಬಿಗಿ ಮಾಡಬೇಕು. ಇಪ್ಪತ್ತು ಡಾಲರ್ ಆಸುಪಾಸಿನ ಕೆಲಸ ಇದು.

ನಿಜಕ್ಕೂ ರಕ್ತ ಕುದಿಯುವುದು ಬ್ಲೋವರ್ ಬಿಚ್ಚಿ ಸ್ವಚ್ಛ ಮಾಡಿ, ಅದರ ಹರಿದ ಹಳೇ ಗ್ಯಾಸ್ಕೆಟನ್ನೇ ಮತ್ತೆ ಹಾಕಿ ಹೋಗುವವರನ್ನು ನೋಡಿದಾಗ. ಬ್ಲೋವರ್‌ಗಿಂತ ಮೊದಲು ಎಲ್ಲಾದರೂ ಸೋರಿದರೆ ಕೋಣೆಯ ಗಾಳಿ ಒಳಗೆ ಹೋಗುತ್ತದೆ, ಉರಿ ಕೆಡುತ್ತದೆ, ಅಷ್ಟೇ. ಬ್ಲೋವರ್ ದಾಟಿದ ಮೇಲೆ ಒತ್ತಡ ಹೊರಮುಖ. ಅಲ್ಲಿ ಸೋರಿದರೆ ಹೊಗೆ, ಅದರ ಜೊತೆ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ, ಮಕ್ಕಳು ಮಲಗಿರುವ ಮನೆಯೊಳಕ್ಕೆ ಬರುತ್ತದೆ. ಬಿಚ್ಚಿದಾಗಲೆಲ್ಲ ಹೊಸ ಗ್ಯಾಸ್ಕೆಟ್ ಹಾಕಲೇಬೇಕು. ಪೈಪಿನ ಕೂಡುಗಳಿಗೆ, ಅದರಲ್ಲೂ ಸ್ಟೋವ್‌ಗೆ ಸೇರುವ ಮೊದಲ ಅಡಾಪ್ಟರ್‌ಗೆ, ಪೈಪ್ ಕಂಪನಿ ಹೇಳಿದ ಹೈ ಟೆಂಪರೇಚರ್ ಸಿಲಿಕೋನ್ ಅಂಟು ಹಚ್ಚಬೇಕು. ಬಚ್ಚಲುಮನೆಯ ಬಿಳಿ ಸಿಲಿಕೋನ್ ಬಳಿದು ಹೋದವರೂ ಇದ್ದಾರೆ! ಸ್ಟೋವ್ ಇರುವ ಕೋಣೆಯಲ್ಲಿ, ಮಲಗುವ ಕೋಣೆಗಳ ಹತ್ತಿರ ಕಾರ್ಬನ್ ಮಾನಾಕ್ಸೈಡ್ ಅಲಾರಂ ಇಲ್ಲದೆ ಸ್ಟೋವ್ ಹೊತ್ತಿಸಲೇಬೇಡಿ.

ಮುಂದಿನ ಸಲ ಸರ್ವಿಸ್‌ನವರು ಬಂದರೆ ಒತ್ತಡ ಅಳೆಯುವ ಮ್ಯಾನೊಮೀಟರ್ ಹಚ್ಚಿಸಿ, ಬಾಗಿಲು ಮುಚ್ಚಿದಾಗ ಉರಿಯುವ ಗೂಡಿನ, ಅಂದರೆ ಫೈರ್‌ಬಾಕ್ಸ್‌ನ, ಒಳಗಿನ ಎಳೆತ ಎಷ್ಟಿದೆ, ನಿಮ್ಮ ಮಾಡೆಲ್‌ಗೆ ಕಂಪನಿ ಹೇಳಿದ್ದು ಎಷ್ಟು, ಎರಡನ್ನೂ ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಅಳತೆ ಮಾಡದೆ ಪೆಲೆಟ್ ಮೇಲೆ ತಪ್ಪು ಹೊರಿಸುವವರಿಗೆ ದುಡ್ಡು ಕೊಡಬೇಡಿ.