ಓಕೆ ಸಾರ್!

ಅಡುಗೆಮನೆಯ ನಲ್ಲಿ ತೊಟ್ಟಿಕ್ಕೋಕೆ ಶುರುವಾಗಿ ಇವತ್ತಿಗೆ ಹನ್ನೆರಡು ದಿನ. ಮೊದಲ ದಿನವೇ ಪ್ಲಂಬರ್‌ಗೆ ಫೋನ್ ಮಾಡಿದ್ದೆ.

"ನಾಳೆ ಬೆಳಗ್ಗೆ ಬರ್ತೀಯೇನಪ್ಪಾ?"

"ಓಕೆ ಸಾರ್."

ನಾನು ಪೆದ್ದ. ಅದನ್ನು 'ಬರ್ತೀನಿ' ಅಂತ ತಿಳಿದು, ಬೇಗ ಸ್ನಾನ ಮುಗಿಸಿ ಕಾದು ಕೂತೆ.

ಅವನ ಓಕೆಗಳ ಲೆಕ್ಕವೇ ಬೇರೆ. ಬರೀ 'ಓಕೆ' ಅಂದರೆ ನೀವು ಹೇಳಿದ್ದು ಕಿವಿಗೆ ಬಿತ್ತು, ಅಷ್ಟೇ. 'ಓಕೆ ಓಕೆ' ಅಂದರೆ ಗಾಡಿ ಓಡಿಸ್ತಿದ್ದೀನಿ, ಫೋನ್ ಇಡಿ. 'ಓಕೇಏಏ' ಅಂತ ಎಳೆದರೆ ಯಾವ ಮನೆ, ಯಾವ ನಲ್ಲಿ ಅಂತ ಇನ್ನೂ ಯೋಚಿಸ್ತಿದ್ದಾನೆ. ಐದನೇ ದಿನ ವಾಟ್ಸ್ಯಾಪಿಗೆ ಇಳಿದೆ. ಬರೀ 'ಕೆ' ಬಂತು. 'ಓ' ಎಲ್ಲಿ ಹೋಯ್ತು? ಅದೂ ನಾಳೆ ಬರ್ತೀನಿ ಅಂತ ಹೇಳಿ ಹೋಗಿರಬೇಕು. ಎಂಟನೇ ದಿನ ಅಕ್ಷರವೂ ಇಲ್ಲ, ಹೆಬ್ಬೆರಳೊಂದೇ.

ರಾತ್ರಿಯೆಲ್ಲ ಟಪ್, ಟಪ್. ನಿದ್ದೆ ಬರದೆ ಈ ಹಾಳು ಪದದ ಜಾತಕ ಜಾಲಾಡಿದೆ. ಹುಟ್ಟಿದ್ದು ಅಮೆರಿಕದ ಬಾಸ್ಟನ್ ಪತ್ರಿಕೆಯೊಂದರಲ್ಲಿ, 1839ರ ಮಾರ್ಚ್ 23ರಂದು. ಬೇಕಂತಲೇ ಸ್ಪೆಲಿಂಗ್ ಕೆಡಿಸಿ ಮೊದಲಕ್ಷರ ಮಾತ್ರ ಬರೆಯೋದು ಆಗಿನ ಪತ್ರಿಕೆಯವರ ಶೋಕಿ. 'ಆಲ್ ಕರೆಕ್ಟ್' ಅನ್ನೋದು 'ಓಲ್ ಕೊರೆಕ್ಟ್' ಆಗಿ, 'ಓಕೆ' ಆಯಿತು. 'ಎ' ಇರಬೇಕಾದಲ್ಲಿ 'ಓ', 'ಸಿ' ಇರಬೇಕಾದಲ್ಲಿ 'ಕೆ'. ಎಲ್ಲ ಸರಿಯಿದೆ ಅನ್ನೋ ಪದದಲ್ಲಿ ಇರೋದೇ ಎರಡಕ್ಷರ, ಎರಡೂ ತಪ್ಪು! ಇದನ್ನು ನಂಬಿ ನಾನು ಸ್ನಾನ ಮಾಡಿ ಕೂತಿದ್ದೆ.

ಚಾಕ್ಟಾ ಬುಡಕಟ್ಟಿನ ಮಾತು, ಗ್ರೀಕ್ ಮಾತು ಅಂತೆಲ್ಲ ವಾದಿಸುವವರೂ ಇದ್ದಾರೆ. 1960ರ ದಶಕದಲ್ಲಿ ಅಲೆನ್ ವಾಕರ್ ರೀಡ್ ಅನ್ನೋ ವಿದ್ವಾಂಸರು ಹಳೇ ಪತ್ರಿಕೆಗಳನ್ನು ತಡಕಿ ಬಾಸ್ಟನ್ನಿನ ಈ ಕಥೆ ಹೊರತೆಗೆದರು. 1840ರಲ್ಲಿ ಅಧ್ಯಕ್ಷ ಮಾರ್ಟಿನ್ ವ್ಯಾನ್ ಬ್ಯೂರೆನ್ ಮತ್ತೆ ಚುನಾವಣೆಗೆ ನಿಂತರು. ಹುಟ್ಟೂರಿನಿಂದ ಬಂದ ಅಡ್ಡಹೆಸರು 'ಓಲ್ಡ್ ಕಿಂಡರ್‌ಹುಕ್', ಅದರ ಮೊದಲಕ್ಷರಗಳೂ 'ಓ', 'ಕೆ'. ಬೆಂಬಲಿಗರು ಓಕೆ ಕ್ಲಬ್ ಕಟ್ಟಿ ಊರೆಲ್ಲ ಓಕೆ ಓಕೆ ಅಂದರು. ಸೋತರು. ಓಕೆ ನಂಬಿ ಕೆಟ್ಟವನು ನಾನೊಬ್ಬನೇ ಅಲ್ಲ ಅಂತ ಕೊಂಚ ಸಮಾಧಾನವಾಯಿತು.

ನಮ್ಮಪ್ಪ ಓಕೆ ಅಂದಿದ್ದು ಕೇಳಿಲ್ಲ. ಸೈಕಲ್ ಬೇಕು ಅಂದಾಗಲೆಲ್ಲ "ನೋಡೋಣ" ಅನ್ನೋರು. ಹಾಗಂದರೆ ಇಲ್ಲ ಅಂತಲೇ, ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಒಂದು ದಿನ ಪೇಪರಿನಿಂದ ಕಣ್ಣೆತ್ತದೆ "ಆಗ್ಲಿ" ಅಂದರು. ಶನಿವಾರ ಸಂಜೆ ಹಿತ್ತಲ ಗೋಡೆಗೆ ಸೈಕಲ್ ಒರಗಿ ನಿಂತಿತ್ತು, ಸೀಟಿನ ಪ್ಲಾಸ್ಟಿಕ್ ಕೂಡ ತೆಗೆದಿರಲಿಲ್ಲ.

ಈಗಷ್ಟೇ ಅವನ ಫೋನ್ ಬಂತು. "ಸಾರ್, ನಿಮ್ಮನೆ ಹತ್ರಾನೇ ಇದ್ದೀನಿ. ಐದೇ ನಿಮಿಷ."

"ಓಕೆ," ಅಂದೆ.

ನಲ್ಲಿ ಕೆಳಗಿನ ಪಾತ್ರೆ ತುಂಬಿತ್ತು. ನೀರು ತುಳಸಿಗೆ ಹಾಕಿ, ಮತ್ತೆ ಅಲ್ಲೇ ಇಟ್ಟೆ.