14ರ ಹುಡುಗನಿಗೆ ಒಪೇರಾ ಬರೆಯಲು ಕೊಟ್ಟಿದ್ದು ಸರಿಯೇ?

ಪರ

ನೂರಕ್ಕೆ ನೂರು ಸರಿ. 1770ರ ಡಿಸೆಂಬರ್ 26ರಂದು ಇಟಲಿಯ ಮಿಲಾನಿನಲ್ಲಿ ‘ಮಿತ್ರಿದಾತೆ’ ಅನ್ನುವ ಒಪೇರಾ, ಅಂದರೆ ಹಾಡಿನಲ್ಲೇ ನಡೆಯುವ ನಾಟಕ, ಮೊದಲ ಸಲ ರಂಗಕ್ಕೆ ಬಂದಾಗ ಅದರ ಸಂಗೀತ ಬರೆದ ಮೊಜಾರ್ಟ್‌ಗೆ ಇನ್ನೂ 15 ತುಂಬಿರಲಿಲ್ಲ. ಹಾರ್ಪ್ಸಿಕಾರ್ಡ್ ಅನ್ನುವ ಪಿಯಾನೊದಂಥ ವಾದ್ಯದ ಮುಂದೆ ಕೂತು ಆಟ ನಡೆಸಿದವನೂ ಅವನೇ. ಜನ ‘ಪುಟ್ಟ ಮೇಷ್ಟ್ರಿಗೆ ಜಯವಾಗಲಿ’ ಅಂತ ಕೂಗಿದರು. 20ಕ್ಕೂ ಜಾಸ್ತಿ ಆಟ ಆಯಿತು.

ಗಾಯಕರು ಅವನನ್ನು ಮಗು ಅಂತ ಸುಮ್ನೆ ಬಿಡಲಿಲ್ಲ, ಅದೇ ಒಳ್ಳೆಯದಾಯಿತು. ರಾಜನ ಪಾತ್ರದ ಗುಲಿಯೆಲ್ಮೊ ದೆತ್ತೊರೆ ತನ್ನ ಮೊದಲ ಹಾಡನ್ನು ಒಪ್ಪಲೇ ಇಲ್ಲ. ಹುಡುಗ ಬರೆದ, ಆತ ಬೇಡ ಅಂದ, ಹುಡುಗ ಮತ್ತೆ ಬರೆದ. ಕೊನೆಗೆ ಒಪ್ಪಿದ ಆ ಹಾಡು ಕೇಳಿ ನೋಡಿ. ದನಿ ತಳದಿಂದ ಒಮ್ಮೆಲೇ ಮೇಲಕ್ಕೆ ಜಿಗಿಯುತ್ತದೆ, ಅದೂ ಒಂದು ಸಲವಲ್ಲ. ಆ ಒಬ್ಬನ ಗಂಟಲಿಗೆಂದೇ ಬರೆದದ್ದು. ಹಾಡು ಅಳತೆಗೆ ಹೊಲಿದ ಅಂಗಿಯಂತೆ ಗಾಯಕನಿಗೆ ಕೂರಬೇಕು ಅಂತ 1778ರಲ್ಲಿ ಮೊಜಾರ್ಟ್ ಅಪ್ಪನಿಗೆ ಬರೆದ. ಆ ಪಾಠ ಕಲಿತದ್ದು ಮಿಲಾನಿನಲ್ಲೇ ಅಂತ ನನ್ನ ನಂಬಿಕೆ. ಯಾವ ಶಾಲೆ ಇದನ್ನು ಕಲಿಸುತ್ತಿತ್ತು ಹೇಳಿ? ‘ಪಾಪ, ಮಗು’ ಅನ್ನುವವರ ಕೈಗೆ ಸಿಕ್ಕಿದ್ದರೆ ಅವನನ್ನು ತೊಟ್ಟಿಲಲ್ಲೇ ಮಲಗಿಸಿರುತ್ತಿದ್ದರು. ಮಿಲಾನಿನವರು ಮುಂದಿನ ಎರಡು ವರ್ಷದಲ್ಲಿ ಅವನಿಂದ ಇನ್ನೆರಡು ಕೃತಿ ಬರೆಸಿಕೊಂಡರು. ಕೆಲಸ ಕಲಿಯುವುದು ಕೆಲಸ ಮಾಡಿಯೇ.

ವಿರೋಧ

ವಿರೋಧದ ಕಡೆ ಬರೆಯಿರಿ ಅಂದರು, ಬರೆಯುತ್ತಿದ್ದೇನೆ. ಹಾಡುಗಳು ಚೆನ್ನಾಗಿಲ್ಲ ಅಂತ ಮಾತ್ರ ನನ್ನಿಂದ ಹೇಳಲಾಗದು. ಆದರೆ ಚಪ್ಪಾಳೆ ಬಿತ್ತು, ಹಾಗಾಗಿ ಎಲ್ಲ ಸರಿ ಅನ್ನುವ ವಾದ ನನಗೆ ಒಪ್ಪಿಗೆಯಿಲ್ಲ. ಆ ಅಕ್ಟೋಬರಿನಲ್ಲಿ ಹುಡುಗ ಅಮ್ಮನಿಗೆ ಬರೆದ ಕಾಗದದಲ್ಲಿ, ಬರೆದೂ ಬರೆದೂ ಬೆರಳು ನೋಯುತ್ತಿದೆ, ಜಾಸ್ತಿ ಬರೆಯಲಾರೆ ಅಂತಿದೆ. ಒಪೇರಾ ಚೆನ್ನಾಗಿ ಆಗಲಿ, ಆಮೇಲೆ ನಾವೆಲ್ಲ ಒಟ್ಟಿಗೆ ಖುಷಿಯಾಗಿರೋಣ, ದೇವರಲ್ಲಿ ಬೇಡಿಕೋ ಅಂತಲೂ ಇದೆ. ಅಮ್ಮ ಇದ್ದದ್ದು ದೂರದ ಸಾಲ್ಜ್‌ಬರ್ಗ್‌ನಲ್ಲಿ.

ಆ ಬೆರಳು ನನಗೆ ಗೊತ್ತು. 12ನೇ ವಯಸ್ಸಿನಲ್ಲಿ ನನ್ನನ್ನು ಗಣೇಶನ ಪೆಂಡಾಲಿನಲ್ಲಿ ಎರಡು ಗಂಟೆಯ ವಯೊಲಿನ್ ಕಚೇರಿಗೆ ಕೂರಿಸಿದರು. ತಿಂಗಳುಗಟ್ಟಲೆ ಬೆಳಿಗ್ಗೆ ಐದಕ್ಕೇ ಸಾಧಕ. ಎಡಗೈ ತೋರುಬೆರಳ ತುದಿ ಸೀಳಿತ್ತು. ತಂತಿ ಒತ್ತಿದಾಗಲೆಲ್ಲ ಚುರ್ ಅನ್ನುತ್ತಿತ್ತು. ‘ಏನೂ ಆಗಲ್ಲ, ಗಟ್ಟಿಯಾಗುತ್ತೆ’ ಅಂದರು ಮೇಷ್ಟ್ರು. ಕಚೇರಿ ಚೆನ್ನಾಗಿಯೇ ಆಯಿತು, ಶಾಲು ಹೊದಿಸಿದರು, ಫೋಟೊ ತೆಗೆದರು. ಮನೆಗೆ ಬಂದ ಮೇಲೆ ಅಮ್ಮ ದೀಪದ ಹತ್ತಿರ ನನ್ನ ಕೈ ಹಿಡಿದು ನೋಡಿದಳು. ಏನೂ ಮಾತಾಡದೆ ಕೊಬ್ಬರಿ ಎಣ್ಣೆ ಹಚ್ಚಿದಳು. ಆ ವಾರವಿಡೀ ಪೆಟ್ಟಿಗೆ ತೆಗೆಯಲು ಬಿಡಲಿಲ್ಲ.