ಕಣ್ಣು ಬರೀ ಸವೆದದ್ದಲ್ಲ

ಗುಹೆಯ ಕತ್ತಲಲ್ಲಿ ಬಳಕೆ ತಪ್ಪಿ ಮೀನಿನ ಕಣ್ಣು ಸವೆದುಹೋಯಿತು ಎಂದು ನಾನು ಓದಿದ ಲೇಖನವೊಂದರ ಲೇಖಕರು ಒಂದೇ ವಾಕ್ಯದಲ್ಲಿ ಮುಗಿಸಿದ್ದಾರೆ. 1859ರಲ್ಲಿ ಡಾರ್ವಿನ್ ಹಾಗೆ ಬರೆದದ್ದನ್ನು ಒಪ್ಪಬಹುದು, ಇಂದಿಗೆ ಅದು ಸಾಲದು. ಈಶಾನ್ಯ ಮೆಕ್ಸಿಕೋದ ಗುಹೆಗಳಲ್ಲಿರುವ ಅಸ್ಟಿಯಾನಾಕ್ಸ್ ಎಂಬ ಕುರುಡು ಮೀನನ್ನೇ ನೋಡಿ. ಅದರ ಭ್ರೂಣದಲ್ಲಿ ಕಣ್ಣು ಮೂಡುತ್ತದೆ! ಆಮೇಲೆ ಕಣ್ಣಿನ ಮಸೂರದ (ಲೆನ್ಸ್) ಜೀವಕೋಶಗಳು ತಾವಾಗಿಯೇ ಸಾಯತೊಡಗುತ್ತವೆ; ಉಳಿದ ಕಣ್ಣು ಕುಗ್ಗಿ ಚರ್ಮದಡಿ ಸೇರುತ್ತದೆ. 2000ದಲ್ಲಿ ವಿಜ್ಞಾನಿಗಳಾದ ಯಾಮಾಮೊಟೊ ಮತ್ತು ಜೆಫ್ರಿ ಅವರು ಇದೇ ಜಾತಿಯ, ಕಣ್ಣುಳ್ಳ ಹೊಳೆಯ ಮೀನಿನ ಭ್ರೂಣದ ಮಸೂರವನ್ನು ಗುಹೆ ಮೀನಿನ ಭ್ರೂಣಕ್ಕೆ ಕಸಿ ಮಾಡಿದಾಗ ಆ ಬದಿಯಲ್ಲಿ ದೊಡ್ಡ ಕಣ್ಣೇ ಬೆಳೆಯಿತು. ಸವೆದ ಅಂಗ ಹೀಗೆ ಮರಳುತ್ತದೆಯೇ?

ಕಣ್ಣು ಹೋಗಲು ಒಂದು ಕಾರಣ ಇದಿರಬಹುದು: ಕಣ್ಣನ್ನು ಸಾಕುವುದು ದುಬಾರಿ. ಕಣ್ಣುಳ್ಳ ಎಳೆಯ ಮೀನಿನ ವಿಶ್ರಾಂತ ಸ್ಥಿತಿಯ ಶಕ್ತಿವ್ಯಯದಲ್ಲಿ ಸುಮಾರು ಶೇ 15ರಷ್ಟನ್ನು ದೃಷ್ಟಿ ವ್ಯವಸ್ಥೆಯೇ ನುಂಗುತ್ತದೆ ಎಂದು 2015ರ ಅಧ್ಯಯನವೊಂದು ಅಂದಾಜಿಸಿದೆ. ಬಾವಲಿ ಹಿಕ್ಕೆಯನ್ನು ನೆಚ್ಚಿಕೊಂಡು ಬದುಕುವ ಜೀವಿಗೆ ಇದು ಸಣ್ಣ ಖರ್ಚಲ್ಲ. ನನಗೆ ಎಲ್ಲಕ್ಕಿಂತ ಸೋಜಿಗವೆನಿಸಿದ ಸಂಗತಿ ಲೇಖನದಲ್ಲಿ ಬರಲೇ ಇಲ್ಲ: ಬೇರೆ ಬೇರೆ ಗುಹೆಗಳ ಕುರುಡು ಮೀನುಗಳನ್ನು ಕೂಡಿಸಿದರೆ ಹುಟ್ಟುವ ಮರಿಗಳಲ್ಲಿ ಕೆಲವಕ್ಕೆ ಕಣ್ಣು ಕಾಣಿಸುತ್ತದೆ. ಏಕೆಂದರೆ ಒಂದು ಗುಹೆಯಲ್ಲಿ ಕೆಟ್ಟಿರುವ ಜೀನ್ ಇನ್ನೊಂದರಲ್ಲಿ ಸರಿಯಾಗಿಯೇ ಇರಬಹುದು.